ತುಕ್ಕಿನ ಮೇಲೆ ಬೂಷ್ಟು ಬಿಟ್ಟೆ

ಕಾಫಿ ಎಲೆ ಉದುರಿಸುವ ತುಕ್ಕು ರೋಗಕ್ಕೆ ಮಳೆಗಾಲದ ಆಮೇಲಿನ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿಟ್ಟು, ಬೂಷ್ಟು ಹೊಡೆದೇ ಕಾವೇರಿ ತಳಿಯ ಗಿಡದಲ್ಲಿ ಎಲೆ ಉಳಿಸುತ್ತೇನೆ ಅಂದಾಗ ಪಕ್ಕದ ತೋಟದವರು ನಕ್ಕಿದ್ದರು. "ಬೂಷ್ಟನ್ನ ಬೂಷ್ಟಿಂದ ಓಡಿಸ್ತೀರಾ ಗೌಡ್ರೇ?" ತುಕ್ಕೂ ಒಂದು ಬೂಷ್ಟೇ ಅಲ್ವಾ. ಈ ಸಲ ಕುಯ್ಲಿನ ಹೊತ್ತಿಗೆ ಅವರೇ ಬಂದು ಎಲೆ ಮಗುಚಿ ಮಗುಚಿ ನೋಡಿದರು.

ಮೊದಲು ಅಂಗಡಿಯ ವರ್ಟಿಸಿಲಿಯಂ (ತುಕ್ಕಿನ ಮೇಲೆ ಬೆಳೆಯುವ ಬಿಳಿ ಬೂಷ್ಟು) ಪುಡಿ ಹೊಡೆದಿದ್ದೆ. ಹತ್ತು ಹದಿನೈದು ಸಾವಿರ ನೀರಿಗೆ ಹೋಯಿತು. ಪುಡಿಯಲ್ಲಿ ಜೀವ ಇದೆಯಾ ಅಂತ ಬೇಯಿಸಿದ ನುಚ್ಚಿನ ಮೇಲೆ ಉದುರಿಸಿದರೆ ಹಸಿರು ಬೂಷ್ಟು ಬಂತು, ಬಿಳಿದು ಏಳಲೇ ಇಲ್ಲ.

ಆಮೇಲೆ ತೋಟದಲ್ಲೇ ಹುಡುಕಿದೆ. ಆಗಸ್ಟ್ ಮಳೆಯಲ್ಲಿ ಹಸಿರು ಸ್ಕೇಲ್ (ಎಲೆಗೆ ಅಂಟಿ ರಸ ಹೀರುವ ಹುಳ) ಸುತ್ತ ಬಿಳಿ ಉಂಗುರ ಕಟ್ಟಿರುತ್ತದಲ್ವಾ, ಅದೇ ಈ ಬೂಷ್ಟು. ಮೆಕ್ಸಿಕೋದ ಚಿಯಾಪಾಸ್‌ನಲ್ಲೂ ಇರುವೆ ಕಾಯುವ ಸ್ಕೇಲ್ ಮೇಲಿನ ಈ ಬೂಷ್ಟು ತುಕ್ಕಿಗೂ ಹತ್ತುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಆ ಹುಳ ತಂದು, ಕುಕ್ಕರ್‌ನಲ್ಲಿ ಬೇಯಿಸಿದ ನುಚ್ಚಿನ ಕವರ್‌ಗಳಲ್ಲಿ ಬೆಳೆಸಿದೆ. ಶುರುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕವರ್ ಕೆಟ್ಟು ತಿಪ್ಪೆ ಸೇರಿದವು. ನುಚ್ಚು ಉದುರುದುರಾಗಿ ಬೆಂದಿರಬೇಕು, ಮುದ್ದೆಯಾದರೆ ಮುಗಿಯಿತು. ಹಲಸಿನ ಬೀಜದಲ್ಲೂ ಬೆಳೆಸಿ ನೋಡಿದೆ. ಬೂಷ್ಟು ಸೊಗಸಾಗಿ ಬಂತು, ಆದರೆ ಅಂಟು ನಾಝಲ್‌ಗೆ ಕಟ್ಟಿಕೊಂಡು ಆಳುಗಳು ಬೈದರು.

ಇನ್ನೂರು ಲೀಟರ್ ಡ್ರಮ್ಮಿಗೆ ಸುಮಾರು ಎರಡು ಕೆ.ಜಿ. ನುಚ್ಚು ಕಿವುಚಿ ಸೋಸುತ್ತೇನೆ. ಜೊತೆಗೆ ಎಲೆಗೆ ಹಿಡಿಯಲು ಒಂದು ಸಾಮಾನು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಳೆ ಬಿಡುವು ಕೊಟ್ಟ ಸಂಜೆ, ಎಲೆಯ ಅಡಿಗೆ ಹೊಡೆಯಬೇಕು. ತುಕ್ಕಿನ ಕಿತ್ತಳೆ ಬಣ್ಣದ ಪುಡಿ ಅಲ್ಲಲ್ಲಿ ಕಂಡಾಗಲೇ ಶುರು ಮಾಡಿ. ಗಿಡವೆಲ್ಲ ಹಳದಿಯಾದ ಮೇಲೆ ಹೊಡೆದರೆ ಸುಮ್ನೆ ಖರ್ಚು. ಹತ್ತು ಹನ್ನೆರಡು ದಿನಕ್ಕೆ ಭೂತಗನ್ನಡಿಯಲ್ಲಿ ನೋಡಿದರೆ ಕಿತ್ತಳೆ ಚುಕ್ಕೆಯ ಮೇಲೆ ಬಿಳಿ ನೂಲು ಹರಡಿ, ಪುಡಿ ಮಂಕಾಗಿರುತ್ತದೆ. ಬೆರಳಲ್ಲಿ ಒರೆಸಿದರೆ ಬಣ್ಣ ಹತ್ತುವುದಿಲ್ಲ.

ಎಕರೆಗೆ ಮೈಲುತುತ್ತ, ಸುಣ್ಣಕ್ಕೆ ಸಾವಿರದ ಮೇಲೆ ಬೀಳುತ್ತಿತ್ತು. ನುಚ್ಚು, ಗ್ಯಾಸ್, ಕವರ್ ಸೇರಿ ಇದು ಅದರ ಅರ್ಧ. ಆದರೆ ಎರಡು ಸಲ ಹೊಡೆಯಬೇಕು, ಕೂಲಿ ಅದನ್ನೆಲ್ಲ ತಿಂದು ಹಾಕುತ್ತದೆ. ಲಾಭ ಇರುವುದು ಉಳಿದ ಎಲೆಯಲ್ಲಿ. ಮುಂದಿನ ವರ್ಷ ಕಾಯಿ ಹಿಡಿಯುವ ರೆಕ್ಕೆ (ಕೊಂಬೆ) ಈಗಲೇ ಗಟ್ಟಿಯಾಗಿದೆ.

ಮುಂಗಾರಿಗೆ ಮುಂಚಿನ ಬೋರ್ಡೋ ಮಾತ್ರ ಬಿಟ್ಟಿಲ್ಲ. ತಾಮ್ರಕ್ಕೂ ಬೂಷ್ಟಿಗೂ ಆಗಿಬರುವುದಿಲ್ಲ, ಹಾಗಾಗಿ ನಡುವೆ ತಿಂಗಳುಗಟ್ಟಲೆ ಅಂತರ ಇಡುತ್ತೇನೆ. ಕೊಳೆರೋಗ ಬರುವ ಹಳ್ಳದ ಬದಿಯ ಗಿಡಗಳಿಗಂತೂ ಬೋರ್ಡೋನೇ.