ಮಂಗಳೂರಲ್ಲಿ ಕೂತು ಮನಿಲಾದ ಬಾಸ್ಕೆಟ್‌ಬಾಲ್ ಸೀಸನ್ ನೋಡುವುದು ಹೇಗೆ

ಮನಿಲಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 7.30ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಸಂಜೆ 5ಕ್ಕೆ, ಚಾ-ಗೋಳಿಬಜೆಯ ಹೊತ್ತಿಗೆ ಸರಿಯಾಗಿ. ಅಮೆರಿಕದ ಎನ್‌ಬಿಎ ನೋಡಬೇಕಾದರೆ ಬೆಳಗಿನ ಜಾವ ಏಳಬೇಕು, ಕೆಲಸಕ್ಕೆ ಹೋಗುವವರಿಗೆ ಅದು ಆಗುವ ಮಾತಲ್ಲ. ಫಿಲಿಪ್ಪೀನ್ಸ್‌ನ ಪಿಬಿಎಗೆ ಆ ತಾಪತ್ರಯ ಇಲ್ಲ.

1975ರಲ್ಲಿ ಶುರುವಾದ ಲೀಗ್ ಇದು, ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್. ನಾನು ಕ್ರೂಸ್ ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಫಿಲಿಪ್ಪೀನೋ ಗೆಳೆಯರಿಂದ ಇದರ ಹುಚ್ಚು ಹತ್ತಿತು. ಬಿಜೈಯ ಮನೆಗೆ ಬಂದ ಮೇಲೂ ಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಹಡಗಿಗೋ ಗಲ್ಫಿಗೋ ಹೋಗಿ ಬಂದವರಿದ್ದರೆ ಒಮ್ಮೆ ಕೇಳಿ ನೋಡಿ, ಅವರಿಗೂ ಗೊತ್ತಿರುತ್ತದೆ. ಇತ್ತೀಚೆಗೆ ನಮ್ಮ ಕಾಲೇಜು ಹುಡುಗರು ಕೇಳುತ್ತಿದ್ದಾರೆ, ಇದನ್ನು ಎಲ್ಲಿಂದ ಶುರು ಮಾಡುವುದು ಅಂತ. ಅವರಿಗಾಗಿ ಬರೆಯುತ್ತಿದ್ದೇನೆ.

ಒಂದು ಸೀಸನ್ ಅಂದರೆ ಒಂದೇ ಟೂರ್ನಿ ಅಲ್ಲ. ಸಾಮಾನ್ಯವಾಗಿ ಮೂರು ಕಪ್ ಇರುತ್ತವೆ: ಫಿಲಿಪ್ಪೀನ್ ಕಪ್, ಕಮಿಷನರ್ಸ್ ಕಪ್, ಗವರ್ನರ್ಸ್ ಕಪ್. ಯಾವುದು ಮೊದಲು ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ವೇಳಾಪಟ್ಟಿ ನೋಡಿಕೊಳ್ಳಿ. ಫಿಲಿಪ್ಪೀನ್ ಕಪ್‌ನಲ್ಲಿ ಹೊರಗಿನವರಿಗೆ ಜಾಗ ಇಲ್ಲ. ಉಳಿದ ಎರಡರಲ್ಲಿ ಪ್ರತಿ ತಂಡವೂ ಒಬ್ಬ ವಿದೇಶಿ ಆಟಗಾರನನ್ನು ಕರೆಸಬಹುದು. ಅವನಿಗೆ ಅಲ್ಲಿ ಇಂಪೋರ್ಟ್ ಅಂತಲೇ ಹೆಸರು. ಹೊಸಬರು ಈ ಎರಡರಲ್ಲಿ ಒಂದರಿಂದ ಶುರು ಮಾಡುವುದು ಒಳ್ಳೆಯದು. ಗುರುತು ಹಿಡಿಯಲು ಪ್ರತಿ ತಂಡದಲ್ಲೂ ಒಬ್ಬ ಸಿಗುತ್ತಾನೆ.

ತಂಡಗಳು ಊರಿನವಲ್ಲ, ಕಂಪೆನಿಗಳವು. ಮೆರಾಲ್ಕೋ ಅಂದರೆ ಮನಿಲಾದ ವಿದ್ಯುತ್ ಕಂಪೆನಿ, ಇಲ್ಲಿ ಮೆಸ್ಕಾಂ ಇದ್ದ ಹಾಗೆ. ಟಿಎನ್‌ಟಿ ಮೊಬೈಲ್ ಸಿಮ್, ರೇನ್ ಆರ್ ಶೈನ್ ಪೇಂಟ್, ಎನ್‌ಲೆಕ್ಸ್ ಹೆದ್ದಾರಿ. ಸ್ಯಾನ್ ಮಿಗೆಲ್ ಬಿಯರ್. ಅದೇ ಕಂಪೆನಿಯ ಇನ್ನೊಂದು ತಂಡ ಬರಂಗಾಯ್ ಹಿನೆಬ್ರಾ. ಇಂಗ್ಲಿಷ್ ಅಕ್ಷರದಲ್ಲಿ ಮೊದಲು ‘ಜಿ’ ಕಾಣುತ್ತದೆ, ಬಾಯಲ್ಲಿ ‘ಹಿ’ ಅನ್ನಬೇಕು. ಜನ ಅತಿ ಹೆಚ್ಚು ಪ್ರೀತಿಸುವ ತಂಡ ಇದೇ. ಸ್ಟೇಡಿಯಂ ಅರ್ಧಕ್ಕಿಂತ ಜಾಸ್ತಿ ಇವರ ಕಡೆಗೇ ಕೂಗುತ್ತಿರುತ್ತದೆ. ನೀವು ಒಂದು ತಂಡ ಆರಿಸಿಕೊಳ್ಳಿ, ಒಂದು ಕಪ್ ಪೂರ್ತಿ ಅದನ್ನೇ ಹಿಂಬಾಲಿಸಿ. ಎಲ್ಲವನ್ನೂ ನೋಡಲು ಹೊರಟರೆ ಹೆಸರುಗಳೇ ನೆನಪಿರುವುದಿಲ್ಲ.

ಇನ್ನು ಇಂಪೋರ್ಟ್‌ಗಳ ವಿಷಯ. ಇದೇ ಮುಖ್ಯ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಇಂಪೋರ್ಟ್‌ಗೆ ಎತ್ತರದ ಮಿತಿ ಉಂಟು. ಗವರ್ನರ್ಸ್ ಕಪ್‌ನಲ್ಲಿ ಅದು ಆರೂವರೆ ಅಡಿಯ ಆಸುಪಾಸು, ಕಮಿಷನರ್ಸ್ ಕಪ್‌ನಲ್ಲಿ ಇನ್ನೂ ಎತ್ತರದವರು ಬರಬಹುದು. ಬಂದವರ ಅಳತೆಯನ್ನು ಲೀಗಿನವರೇ ತೆಗೆಯುತ್ತಾರೆ. ಈ ಒಂದು ನಿಯಮದಿಂದ ಆಟದ ರೂಪವೇ ಬದಲಾಗುತ್ತದೆ. ಕಮಿಷನರ್ಸ್ ಕಪ್‌ನಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ದೊಡ್ಡ ಆಳುಗಳು ಜಾಸ್ತಿ. ಗವರ್ನರ್ಸ್ ಕಪ್‌ನಲ್ಲಿ ಓಡುವ, ದೂರದಿಂದ ಹೊಡೆಯುವ, ಚೆಂಡು ತಾನೇ ತರುವ ಆಟಗಾರರು ಜಾಸ್ತಿ. ನನಗೆ ಎರಡನೆಯದೇ ಇಷ್ಟ. ನಮ್ಮ ಕಡೆಯ ಹುಡುಗರ ಎತ್ತರಕ್ಕೆ ಕಲಿಯಲು ಅಲ್ಲೇ ಹೆಚ್ಚು ಸಿಗುತ್ತದೆ.

ಟೂರ್ನಿಯ ಮಧ್ಯದಲ್ಲೇ ಇಂಪೋರ್ಟ್‌ನನ್ನು ಬದಲಾಯಿಸಬಹುದು. ಗಾಯವಾದರೆ, ಆಟ ಕುದುರದಿದ್ದರೆ ಇನ್ನೊಬ್ಬ ವಿಮಾನ ಇಳಿಯುತ್ತಾನೆ. ಹೋದ ವಾರ ನೋಡಿದ ಮುಖ ಈ ವಾರ ಇಲ್ಲದಿದ್ದರೆ ಗಾಬರಿಯಾಗಬೇಡಿ. ಜಸ್ಟಿನ್ ಬ್ರೌನ್‌ಲಿ ಬಂದದ್ದೇ ಹೀಗೆ. 2016ರ ಗವರ್ನರ್ಸ್ ಕಪ್‌ನಲ್ಲಿ ಹಿನೆಬ್ರಾದ ಮೊದಲ ಇಂಪೋರ್ಟ್‌ಗೆ ಗಾಯವಾಯಿತು, ಬದಲಿಗೆ ಇವನನ್ನು ಕರೆಸಿದರು. ಆ ವರ್ಷದ ಫೈನಲ್ ಮೆರಾಲ್ಕೋ ಜೊತೆ. ಆರನೇ ಪಂದ್ಯ, ಅಕ್ಟೋಬರ್ 19, ಅರಾನೆಟಾ ಕೊಲಿಸಿಯಂ. ಕೊನೆಯ ಗಳಿಗೆಯಲ್ಲಿ ಸ್ಕೋರು 88–88. ಎದುರಾಳಿ ಇಂಪೋರ್ಟ್ ಅಲನ್ ಡರ್ಹಮ್ ಮೈಮೇಲೆ ಬರುತ್ತಿದ್ದ ಹಾಗೆ ಬ್ರೌನ್‌ಲಿ ಮೂರಂಕದ ಗೆರೆಯ ಹೊರಗಿಂದ ಎಸೆದ. ಬಝರ್ ಕೂಗಿತು, ಚೆಂಡು ಒಳಗೆ. 91–88. 2008ರಿಂದ ಒಂದೂ ಕಪ್ ಗೆಲ್ಲದ ತಂಡ ಗೆದ್ದಿತ್ತು. ಈ ಪಂದ್ಯದ ಕೊನೆಯ ಐದು ನಿಮಿಷ ಹುಡುಕಿ ನೋಡಿ, ನಿಮ್ಮ ಮೊದಲ ಪಾಠ ಅದೇ ಆಗಲಿ.

ಆಮೇಲಿನ ಕತೆಯೂ ಚೆಂದ. 2023ರ ಜನವರಿಯಲ್ಲಿ ಬ್ರೌನ್‌ಲಿಗೆ ಫಿಲಿಪ್ಪೀನ್ಸ್ ಪೌರತ್ವ ಸಿಕ್ಕಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಚೀನಾ ಎದುರು ಕೊನೆಯ ನಿಮಿಷದಲ್ಲಿ ಎರಡು ಮೂರಂಕದ ಹೊಡೆತ ಹೊಡೆದ. 77–76. ಫೈನಲ್‌ನಲ್ಲಿ ಜೋರ್ಡಾನ್ ಸೋತಿತು. ಏಷ್ಯನ್ ಗೇಮ್ಸ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಬಾಸ್ಕೆಟ್‌ಬಾಲ್ ಚಿನ್ನ ಸಿಕ್ಕಿದ್ದು 1962ರ ನಂತರ ಅದೇ ಮೊದಲು. ಬದಲಿ ಆಟಗಾರ ಅಂತ ಬಂದವನು, ನೋಡಿ!

ಆದರೆ ಇಷ್ಟು ಕೇಳಿ ಇಂಪೋರ್ಟ್ ಎಷ್ಟು ಪಾಯಿಂಟ್ ಹೊಡೆದ ಅಂತ ಮಾತ್ರ ಲೆಕ್ಕ ಇಡಬೇಡಿ ಮಾರಾಯ್ರೆ. ಎಲ್ಲರೂ ಅದನ್ನೇ ಮಾಡುತ್ತಾರೆ. ನಮ್ಮಲ್ಲಿ ಯಕ್ಷಗಾನ ಮೇಳಕ್ಕೆ ಅತಿಥಿ ಕಲಾವಿದರನ್ನು ಕರೆಸಿದ ರಾತ್ರಿ ಏನಾಗುತ್ತದೆ? ಜನ ಅವರ ಪ್ರವೇಶಕ್ಕೇ ಕಾಯುತ್ತಾರೆ. ಆದರೆ ಅವರು ಚೌಕಿಗೆ ಹೋದ ಮೇಲೂ ಆಟ ಕಾವು ಕಳೆದುಕೊಳ್ಳದಿದ್ದರೆ ಆಗ ಗೊತ್ತಾಗುತ್ತದೆ ಮೇಳದ ತಾಕತ್ತು. ಇಲ್ಲಿಯೂ ಅಷ್ಟೇ. ಇಂಪೋರ್ಟ್ ಬೆಂಚಿಗೆ ಹೋದ ಆ ಕೆಲವು ನಿಮಿಷ ನೋಡಿ. ಪಂದ್ಯ ಅಲ್ಲಿ ತಿರುಗುತ್ತದೆ.

ನಾನು ಮಾಡುವುದು ಹೀಗೆ. ಒಂದು ಗೆರೆ ಪುಸ್ತಕ ಇಟ್ಟುಕೊಳ್ಳುತ್ತೇನೆ. ಪುಟದ ಎಡಕ್ಕೆ ಕ್ವಾರ್ಟರ್ (ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದು) ಗಡಿಯಾರದ ಸಮಯ, ನಡುವೆ ಇಂಪೋರ್ಟ್ ‘ಒಳಗೆ’ ಅಥವಾ ‘ಹೊರಗೆ’, ಬಲಕ್ಕೆ ಸ್ಕೋರು. ಗಡಿಯಾರ ಹಿಂದಕ್ಕೆ ಓಡುತ್ತದೆ ಅನ್ನುವುದು ನೆನಪಿರಲಿ. ಉದಾಹರಣೆಗೆ ಎರಡನೇ ಕ್ವಾರ್ಟರ್: 8.40, ಹೊರಗೆ, 31–27. ಆಮೇಲೆ 5.15, ಒಳಗೆ, 33–36. ಅಂದರೆ ಇಂಪೋರ್ಟ್ ಕೂತ ಸುಮಾರು ಮೂರೂವರೆ ನಿಮಿಷದಲ್ಲಿ ನಮ್ಮವರು ಹೊಡೆದದ್ದು 2, ಎದುರಾಳಿ ಹೊಡೆದದ್ದು 9. ನಾಲ್ಕು ಅಂಕ ಮುಂದಿದ್ದವರು ಮೂರು ಅಂಕ ಹಿಂದೆ. ಆ ಸಾಲಿನ ಪಕ್ಕದಲ್ಲಿ ಯಾಕೆ ಅಂತ ನಾಲ್ಕು ಪದ ಬರೆಯಿರಿ: ‘ರಿಬೌಂಡ್ ಸಿಗಲಿಲ್ಲ’ (ಬುಟ್ಟಿಗೆ ಬೀಳದೆ ವಾಪಸು ಬಂದ ಚೆಂಡು), ‘ಚೆಂಡು ಒಬ್ಬನ ಕೈಯಲ್ಲೇ’. ಎರಡು ಮೂರು ಪಂದ್ಯ ಹೀಗೆ ಬರೆದರೆ ಸಾಕು, ಕೋಚ್ ಯಾವಾಗ ಬದಲಿ ಕರೆಯುತ್ತಾನೆ ಅಂತ ನಿಮಗೆ ಮೊದಲೇ ಹೊಳೆಯಲು ಶುರುವಾಗುತ್ತದೆ. ಇಂಪೋರ್ಟ್ ಇಲ್ಲದಾಗ ಯಾವ ಲೋಕಲ್ ಗಾರ್ಡ್ (ಚೆಂಡು ತಂದು ಆಟ ನಡೆಸುವವ) ತಂಡವನ್ನು ಹಿಡಿದು ನಿಲ್ಲಿಸುತ್ತಾನೋ ಅವನ ಹೆಸರಿಗೆ ಗೆರೆ ಎಳೆಯಿರಿ. ಫಿಲಿಪ್ಪೀನ್ ಕಪ್ ಬಂದಾಗ ಅವನೇ ಮುಂದೆ ಇರುತ್ತಾನೆ.

ಶಾಲೆ ಕಾಲೇಜಿನಲ್ಲಿ ಆಡಿದವರಿಗೆ ನಿಯಮ ಸ್ವಲ್ಪ ಬೇರೆ ಅನಿಸುತ್ತದೆ. ನಾವು ಆಡಿದ್ದು ಹತ್ತು ನಿಮಿಷದ ಕ್ವಾರ್ಟರ್, ಅಲ್ಲಿ ಹನ್ನೆರಡು. ನಮಗೆ ಐದು ಫೌಲಿಗೆ ಹೊರಗೆ, ಅಲ್ಲಿ ಆರಕ್ಕೆ. 2024ರ ಗವರ್ನರ್ಸ್ ಕಪ್‌ನಿಂದ 27 ಅಡಿ ದೂರದಲ್ಲಿ ನಾಲ್ಕಂಕದ ಗೆರೆಯೂ ಬಂತು. ಹಳೆಯ ವಿಡಿಯೋಗಳಲ್ಲಿ ಅದು ಕಾಣುವುದಿಲ್ಲ. ಕೊನೆಯ ಹತ್ತು ಸೆಕೆಂಡಿನಲ್ಲಿ ನಾಲ್ಕು ಅಂಕ ಹಿಂದಿದ್ದರೂ ಒಂದೇ ಎಸೆತಕ್ಕೆ ಸಮ ಆಗಬಹುದು ಅಂದರೆ ಎದೆ ಹೇಗೆ ಹೊಡೆದುಕೊಳ್ಳಬೇಡ!

ಕ್ವಾರ್ಟರ್‌ಫೈನಲ್‌ನಲ್ಲಿ ಹೊಸಬರಿಗೆ ಗೊಂದಲ ಆಗುವ ಒಂದು ವಿಷಯ ಉಂಟು. ಕೆಲವು ಕಪ್‌ಗಳಲ್ಲಿ ಲೀಗ್ ಹಂತದಲ್ಲಿ ಮೇಲೆ ಬಂದ ತಂಡಕ್ಕೆ ‘ಟ್ವೈಸ್ ಟು ಬೀಟ್’ ಅನ್ನುವ ಅನುಕೂಲ ಕೊಡುತ್ತಾರೆ. ಆ ತಂಡ ಒಂದು ಪಂದ್ಯ ಗೆದ್ದರೆ ಸಾಕು. ಎದುರಾಳಿ ಎರಡೂ ಗೆಲ್ಲಬೇಕು. ಹಾಗಾಗಿ ಲೀಗ್ ಹಂತದ ಕೊನೆಯ ವಾರದ ಪಂದ್ಯಗಳನ್ನು ಬಿಡಬೇಡಿ.

ಕೆಲವು ಸಲ ಆಟಗಾರನ ಬದಲು ತಂಡವೇ ಅತಿಥಿಯಾಗಿ ಬರುತ್ತದೆ. 2022–23ರ ಕಮಿಷನರ್ಸ್ ಕಪ್‌ಗೆ ಹಾಂಗ್‌ಕಾಂಗ್‌ನ ಬೇ ಏರಿಯಾ ಡ್ರ್ಯಾಗನ್ಸ್ ಬಂದಿತ್ತು. ಇಬ್ಬರು ಇಂಪೋರ್ಟ್‌ಗಳನ್ನು ತಂದು ಸರದಿಯಂತೆ ಒಬ್ಬೊಬ್ಬರನ್ನೇ ಆಡಿಸಿದರು. ಫೈನಲ್ ಏಳನೇ ಪಂದ್ಯದವರೆಗೆ ಹೋಯಿತು. ಫಿಲಿಪ್ಪೀನ್ ಅರೀನಾದಲ್ಲಿ 54,589 ಜನ. ಹಿನೆಬ್ರಾ 114–99ರಲ್ಲಿ ಗೆದ್ದಿತು, ಇಂಪೋರ್ಟ್ ಮತ್ತೆ ಅದೇ ಬ್ರೌನ್‌ಲಿ.

ಹಳಬರ ಬಗ್ಗೆಯೂ ಸ್ವಲ್ಪ ಓದಿಕೊಳ್ಳಿ. 1980ರ ದಶಕದ ಶುರುವಿನಲ್ಲಿ ಕ್ರಿಸ್ಪಾ ತಂಡಕ್ಕೆ ಆಡಿದ ಬಿಲ್ಲಿ ರೇ ಬೇಟ್ಸ್. ಇಂಪೋರ್ಟ್ ಆಗಿ ಬಂದು ಆಮೇಲೆ ಅಲ್ಲೇ ಕೋಚ್ ಆಗಿ ನಿಂತ ನಾರ್ಮನ್ ಬ್ಲ್ಯಾಕ್. ಏಳು ಸಲ ಶ್ರೇಷ್ಠ ಇಂಪೋರ್ಟ್ ಅನಿಸಿಕೊಂಡ ಬಾಬಿ ಪಾರ್ಕ್ಸ್. ಆ ಪ್ರಶಸ್ತಿಗೆ ಈಗ ಅವನದೇ ಹೆಸರು. ಕಾಮೆಂಟರಿಯಲ್ಲಿ ಈ ಹೆಸರುಗಳು ಆಗಾಗ ಬರುತ್ತವೆ, ಗೊತ್ತಿದ್ದರೆ ಕಿವಿ ತಾನಾಗಿ ಅತ್ತ ಹೋಗುತ್ತದೆ. ಕಾಮೆಂಟರಿ ಟಗಾಲೋಗ್ ಮತ್ತು ಇಂಗ್ಲಿಷ್ ಬೆರೆಸಿದ್ದು. ಅರ್ಧ ಅರ್ಥವಾದರೂ ಸಾಕು, ಉಳಿದದ್ದು ಕಣ್ಣಿಗೆ ಕಾಣುತ್ತದಲ್ವಾ?

ಕೆಲಸದ ದಿನ ಪೂರ್ತಿ ಪಂದ್ಯ ನೋಡಲಾಗದಿದ್ದರೆ ರಾತ್ರಿ ಊಟವಾದ ಮೇಲೆ ಹೈಲೈಟ್ಸ್ ನೋಡಿ. ಅದರಲ್ಲಿ ಬೆಂಚಿನ ನಿಮಿಷಗಳನ್ನು ಕತ್ತರಿಸಿರುತ್ತಾರೆ, ಪುಸ್ತಕ ತುಂಬುವುದಿಲ್ಲ. ಹಾಗಾಗಿ ವಾರಕ್ಕೆ ಒಂದಾದರೂ ಪಂದ್ಯವನ್ನು ಶುರುವಿನಿಂದ ಕೊನೆಯವರೆಗೆ ನೋಡಲೇಬೇಕು. ಭಾನುವಾರದ ಪಂದ್ಯಗಳು ಬೇಗ ಶುರುವಾಗುವುದುಂಟು, ಎರಡೂವರೆ ಗಂಟೆ ಕಳೆದು ಲೆಕ್ಕ ಹಾಕಿ. ಮಳೆಗಾಲವಾದರೆ ಫೋನ್ ಮಧ್ಯಾಹ್ನವೇ ಚಾರ್ಜ್‌ಗೆ ಇಡಿ, ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಕರೆಂಟ್ ಹೋದರೂ ಆಟ ತಪ್ಪುವುದಿಲ್ಲ.