ಜನಪದ ಕಥೆಗಳಲ್ಲಿ ಮರುಕಳಿಸುವ ಆಶಯಗಳನ್ನು ಓದುವ ಬಗೆ

ಜನಪದ ಕಥೆಯನ್ನು ಓದಲು ಕುಳಿತಾಗ, ಇದರ ನೀತಿ ಏನು ಎಂಬ ಪ್ರಶ್ನೆಯನ್ನು ಮೊದಲು ಬದಿಗಿಡಿ. ಪಂಚತಂತ್ರಕ್ಕೆ ಆ ಪ್ರಶ್ನೆ ಒಗ್ಗುತ್ತದೆ, ಏಕೆಂದರೆ ಅದನ್ನು ಕಟ್ಟಿದ್ದೇ ರಾಜಕುಮಾರರಿಗೆ ನೀತಿ ಕಲಿಸಲೆಂದು. ಅಜ್ಜಿಯರು ಮೊಮ್ಮಕ್ಕಳಿಗೆ ಅನ್ನ ಕಲಸಿ ತುತ್ತು ಕೊಡುತ್ತ ಹೇಳಿದ ಕಥೆಗಳು ಬೇರೆಯೇ ಬಗೆಯ ಗಮನವನ್ನು ಬೇಡುತ್ತವೆ.

ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿದ ರಾಕ್ಷಸನ ಜೀವ, ಮಲತಾಯಿಯ ಕಾಟ, ಅಪ್ಪನನ್ನು ಉಪ್ಪಿನಂತೆ ಪ್ರೀತಿಸುತ್ತೇನೆಂದು ಹೇಳಿ ಮನೆಯಿಂದ ಹೊರಬೀಳುವ ಮಗಳು. ಜಾನಪದ ವಿದ್ವಾಂಸರು ಇವನ್ನು ಆಶಯಗಳೆಂದು ಕರೆಯುತ್ತಾರೆ. ಭಾರತ, ಪಾಕಿಸ್ತಾನ ಮತ್ತು ಸಿಲೋನಿನ (ಇಂದಿನ ಶ್ರೀಲಂಕಾದ) ಮೌಖಿಕ ಕಥೆಗಳ ವರ್ಗಸೂಚಿಯೊಂದನ್ನು ಸ್ಟಿತ್ ಥಾಮ್ಸನ್ ಮತ್ತು ವಾರನ್ ರಾಬರ್ಟ್ಸ್ 1960ರಲ್ಲಿ ಪ್ರಕಟಿಸಿದರು. ಅಂಥ ಸೂಚಿ ಕಥೆಯ ಬಂಧುಬಳಗವನ್ನು ಹುಡುಕಲು ನೆರವಾಗುತ್ತದೆಯೇ ಹೊರತು, ಆಶಯವು ಈ ಕಥೆಯೊಳಗೆ ಏನು ಮಾಡುತ್ತಿದೆ ಎಂಬುದನ್ನು ಓದುಗರೇ ಕಾಣಬೇಕು.

ಕರ್ನಾಟಕದಲ್ಲಿ ಹೇಳುವ, ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನೇ ನೋಡಿ. ಒಂದು ತಂಬಿಗೆ ನೀರು ಹಾಕಿದರೆ ಅವಳು ಗಿಡವಾಗುತ್ತಾಳೆ. ಚಿಗುರಿಗೆ ಉಗುರು ತಾಗದಂತೆ ಹೂ ಬಿಡಿಸಿ ಇನ್ನೊಂದು ತಂಬಿಗೆ ಹಾಕಿದರೆ ಮತ್ತೆ ಹುಡುಗಿಯಾಗುತ್ತಾಳೆ. ಈ ರೂಪಾಂತರ ಕಥೆಯಲ್ಲಿ ಹಲವು ಸಲ ನಡೆಯುತ್ತದೆ. ಪ್ರತಿ ಸಲವೂ ನೀರು ಹಾಕುವವರು ಯಾರು, ಹೂ ಕೀಳುವವರ ಕೈ ಹೇಗಿದೆ ಎಂದು ಗಮನಿಸಿ. ಅಕ್ಕನ ಕೈಯಲ್ಲಿ ಅದು ಜೋಪಾನ, ಗಂಡನಿಗೆ ಸಂತೋಷ, ನಾದಿನಿ ಮತ್ತವಳ ಗೆಳತಿಯರ ಕೈಯಲ್ಲಿ ಕೊಂಬೆ ಮುರಿದು ಚೆಲ್ಲಾಡುವ ಕ್ರೌರ್ಯ. ರೂಪಾಂತರವೆಂದು ಒಂದೇ ಮಾತಿನಲ್ಲಿ ಬರೆದುಕೊಂಡಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗಂತೂ ಇಡೀ ಕಥೆಯ ನೋವಿರುವುದು ಅಲ್ಲಿಯೇ.

ಮದುವೆ ಎಲ್ಲಿ ಬರುತ್ತದೆ ಎಂಬುದನ್ನೂ ಗುರುತಿಸಿಕೊಳ್ಳಿ. ರಾಜಕುಮಾರನ ಸಾಹಸದ ಕಥೆಗಳು ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತವೆ. ಹೆಂಗಸರು ಹೆಂಗಸರ ಬಗ್ಗೆ ಹೇಳುವ ಅನೇಕ ಕಥೆಗಳಲ್ಲಿ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ.

ಸಾಧ್ಯವಾದರೆ ಒಂದೇ ಕಥೆಯನ್ನು ಇಬ್ಬರ ಬಾಯಿಂದ ಕೇಳಿ, ಹೇಳಿದಂತೆಯೇ ಬರೆದುಕೊಳ್ಳಿ. ಒಬ್ಬರು ಹಿಗ್ಗಿಸಿ ಹೇಳಿದ್ದನ್ನು ಇನ್ನೊಬ್ಬರು ಒಂದೇ ಸಾಲಿನಲ್ಲಿ ದಾಟಿಸಿದ್ದರೆ, ಆ ಜಾಗಕ್ಕೆ ಗೆರೆ ಎಳೆದು ಅಲ್ಲಿಂದ ಓದನ್ನು ಮತ್ತೆ ಆರಂಭಿಸಿ.