ನಾಲ್ಕು ದಿನ ನಿಲ್ಲದ ಬಿಕ್ಕಳಿಕೆ

“ನಾಕು ದಿನ ಆಯ್ತು ಸಾರ್, ಬಿಕ್ಕಳಿಕೆ ನಿಂತೇ ಇಲ್ಲ. ಯಾರು ಇಷ್ಟೊಂದು ನೆನೆಸ್ಕೋತಾವ್ರೋ ಗೊತ್ತಿಲ್ಲ” ಅಂದರು ಹೆಂಡತಿ. ಗಂಡ ಅರವತ್ತರ ಆಸುಪಾಸಿನ ರೈತ, ಹಳೇ ಬಿಪಿ ರೋಗಿ. ಸಕ್ಕರೆ ತಿನ್ನಿಸಿದ್ದಾಗಿತ್ತು, ಉಸಿರು ಬಿಗಿಹಿಡಿಸಿದ್ದಾಗಿತ್ತು, ಹಿಂದಿನಿಂದ ಬಂದು ಬೆಚ್ಚಿಬೀಳಿಸಿದ್ದೂ ಆಗಿತ್ತು. ಎರಡು ಕಡೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೂಡ ಹಾಕಿಸಿಕೊಂಡಿದ್ದರು.

ತಾಲ್ಲೂಕು ಊರಿನಲ್ಲಿ ಫಿಸಿಶಿಯನ್ ಆಗಿರುವ ನನಗೆ ಬಿಕ್ಕಳಿಕೆಯವರು ಅಪರೂಪವೇನಲ್ಲ. ಹೆಚ್ಚಿನವರಿಗೆ ಹೊಟ್ಟೆಯೇ ಕಾರಣ: ಅನ್ನನಾಳಕ್ಕೆ ಉಕ್ಕುವ ಆಮ್ಲ, ಉಬ್ಬಿದ ಜಠರ. ಆದರೆ 48 ಗಂಟೆ ದಾಟಿತೆಂದರೆ ಔಷಧಿ ಬರೆಯುವ ಮೊದಲು ಬಟ್ಟೆ ಸಡಿಲಿಸಿ ಮಲಗಿಸಿ ಪೂರ್ತಿ ಪರೀಕ್ಷೆ ಮಾಡುತ್ತೇನೆ. ಈ ಪಾಠ ನನಗೆ ಒಬ್ಬ ರೋಗಿಗೆ ತೊಂದರೆಯಾದ ಮೇಲೆ ಬಂದದ್ದು. ವರ್ಷಗಳ ಹಿಂದೆ ಕಿಡ್ನಿ ಸೋತಿದ್ದ ಒಬ್ಬರಿಗೆ ಬಿಕ್ಕಳಿಕೆಯೆಂದು ಸ್ನಾಯು ಸಡಿಲಿಸುವ ಔಷಧಿ ಬ್ಯಾಕ್ಲೋಫೆನ್ ಕೊಟ್ಟೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ವರದಿಗೆ ಕಾಯಲಿಲ್ಲ. ಆ ಔಷಧಿ ಮುಖ್ಯವಾಗಿ ಮೂತ್ರದಲ್ಲೇ ಹೊರಹೋಗಬೇಕು. ಮಾರನೇ ದಿನ ಅವರು ಕರೆದರೂ ಕಣ್ಣು ಬಿಡದಷ್ಟು ಮಂಪರಾಗಿದ್ದರು. ಡಯಾಲಿಸಿಸ್ ಆದ ಮೇಲೆ ಎಚ್ಚರವಾದರು. ರಕ್ತದಲ್ಲಿ ಏರಿದ್ದ ಯೂರಿಯಾವೇ ಬಿಕ್ಕಳಿಕೆಗೆ ಕಾರಣವಾಗಿತ್ತು. ಅದನ್ನು ಬಿಟ್ಟು ನಾನು ಬಿಕ್ಕಳಿಕೆಯನ್ನಷ್ಟೇ ಹಿಡಿಯಲು ಹೋಗಿದ್ದೆ.

ಬಿಕ್ಕಳಿಕೆಯ ದಾರಿ ಬಲು ಉದ್ದ. ವೇಗಸ್ ಮತ್ತು ಫ್ರೆನಿಕ್ ನರಗಳು ಸುದ್ದಿ ಒಯ್ಯುತ್ತವೆ, ಮಿದುಳಿನ ಬುಡದ ಮೆಡುಲ್ಲಾ ಅದನ್ನು ಹಿಡಿದು ಎದೆ, ಹೊಟ್ಟೆಗಳ ನಡುವಿನ ಸ್ನಾಯುವಾದ ವಪೆಗೆ ಅಪ್ಪಣೆ ಕೊಡುತ್ತದೆ, ವಪೆ ಜಗ್ಗುತ್ತದೆ, ಸುಮಾರು 35 ಮಿಲಿಸೆಕೆಂಡಿನಲ್ಲಿ ಗಂಟಲಬಾಗಿಲು ಮುಚ್ಚಿ ‘ಹಿಕ್’ ಅನ್ನುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆಣಕಿದರೂ ಸಾಕು. ಹಾಗಾಗಿ ಟಾರ್ಚ್ ಹಾಕಿ ಕಿವಿಯ ಒಳಗೂ ನೋಡುತ್ತೇನೆ. ವೇಗಸ್‌ನ ಒಂದು ಕವಲು ಅಲ್ಲಿಗೂ ಬರುವುದರಿಂದ ಕಿವಿತಮಟೆಗೆ ತಾಗಿದ ಒಂದು ಕೂದಲೂ ಕಾರಣವಾಗಬಹುದು. ಪಿತ್ತಕೋಶದ ಕಡೆ ಒತ್ತಿ ನೋಡಿ, ಇಸಿಜಿ ತೆಗೆಸಿ, ಸೋಡಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಕಳಿಸುತ್ತೇನೆ. ಹೃದಯದ ಕೆಳಭಾಗದ ಆಘಾತವೂ ಕೆಲವೊಮ್ಮೆ ಬಿಕ್ಕಳಿಕೆಯ ವೇಷದಲ್ಲಿ ಬರುತ್ತದೆ. ಬಿಕ್ಕಳಿಕೆ ತರಬಲ್ಲ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್ ತೆಗೆದುಕೊಂಡಿದ್ದಾರೆಯೇ ಎಂದು ಔಷಧಿ ಚೀಟಿಗಳನ್ನು ತಪ್ಪದೆ ನೋಡುತ್ತೇನೆ.

ಈ ರೈತರಲ್ಲಿ ಇಸಿಜಿ ಸರಿಯಿತ್ತು, ಹೊಟ್ಟೆ ಮೆತ್ತಗಿತ್ತು. ಆದರೆ ದನಿ ಒಡೆದಿತ್ತು. ಹೆಂಡತಿ “ಅರಚಿ ಅರಚಿ ಹಿಂಗಾಗಿದೆ” ಅಂದುಕೊಂಡಿದ್ದರು. ನೀರು ಕುಡಿದರೆ ಕೆಮ್ಮು ಬರುತ್ತಿತ್ತು. ನಿಲ್ಲಿಸಿದಾಗ ಮೈ ಎಡಕ್ಕೆ ವಾಲಿತು. ಬಾಯಿ ತೆರೆಸಿದರೆ ಕಿರುನಾಲಿಗೆ ಬಲಕ್ಕೆ ಎಳೆದಿತ್ತು, ಎಡಗಣ್ಣಿನ ರೆಪ್ಪೆ ಚೂರು ಜೋತಿತ್ತು. “ಸ್ನಾನದ ನೀರು ಬಲಗೈಗೆ ಬಿಸಿ ಅನ್ನಿಸ್ತದಾ?” ಎಂದು ಕೇಳಿದೆ. ಆತ ಸ್ವಲ್ಪ ಯೋಚಿಸಿ, “ಇಲ್ಲ ಸಾರ್, ಬಲಗಡೆಗೆ ಹಂಡೆ ನೀರು ತಣ್ಣಗೇ ಅನ್ನಿಸ್ತದೆ, ನಾನೇ ಬೈದೆ ಅವಳ್ನ” ಅಂದರು. ಎಡಕೆನ್ನೆಗೆ ತಣ್ಣನೆಯ ಲೋಹದ ಟ್ಯೂನಿಂಗ್ ಫೋರ್ಕ್ ಇಟ್ಟರೆ ಅಲ್ಲಿಯೂ ಚಳಿ ತಿಳಿಯಲಿಲ್ಲ. ಮುಖದ ಎಡ, ಮೈಯ ಬಲ. ಈ ಅಡ್ಡಜೋಡಿ ಮೆಡುಲ್ಲಾದತ್ತ ಕೈ ತೋರಿಸುತ್ತದೆ. ಅದರ ಎಡಪಕ್ಕಕ್ಕೆ ರಕ್ತ ಹರಿಯುವುದು ನಿಂತಿತ್ತು, ಅಂದರೆ ಲಕ್ವ.

ಕೈಕಾಲು ಬಿದ್ದರೆ, ಬಾಯಿ ಸೊಟ್ಟಗಾದರೆ ಮಾತ್ರ ಲಕ್ವ ಎಂದು ನಮ್ಮ ಜನ ತಿಳಿದಿದ್ದಾರೆ. ಇಲ್ಲಿ ಎರಡೂ ಇರಲಿಲ್ಲ, ಕೈ ಹಿಡಿತ ಗಟ್ಟಿಯಾಗಿತ್ತು. ಊರಲ್ಲಿದ್ದ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದಷ್ಟೇ ತಿಳಿಯಿತು. ಆ ಜಾಗದ ಹೊಸ ಗಾಯವನ್ನು ಸಿಟಿ ಆಗಾಗ ಬಿಟ್ಟುಬಿಡುತ್ತದೆ. ಜಿಲ್ಲಾ ಕೇಂದ್ರದ ಎಂಆರ್‌ಐ ಸ್ಪಷ್ಟವಾಗಿ ತೋರಿಸಿತು.

ಬಾಯಿಯಿಂದ ಊಟ ನಿಲ್ಲಿಸಿ ಮೂಗಿನ ನಳಿಗೆ ಹಾಕಿದೆ. ಮನೆಯವರಿಗೆ ಒಪ್ಪಿಸುವುದೇ ಇದರಲ್ಲಿ ಕಷ್ಟದ ಕೆಲಸ. ಗಂಜಿಯಾದರೂ ಕುಡಿಸುತ್ತೇವೆ ಅನ್ನುತ್ತಾರೆ, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ನಳಿಗೆಯಲ್ಲೇ ಕೊಟ್ಟೆ. ಬಿಕ್ಕಳಿಕೆಗೆ ಹಳೆಯ ಔಷಧಿ ಕ್ಲೋರ್‌ಪ್ರೊಮಝೀನ್. ಅದು ಬಿಪಿ ಇಳಿಸುತ್ತದೆ, ಮಂಪರು ತರುತ್ತದೆ. ಲಕ್ವದ ಮೊದಲ ದಿನಗಳಲ್ಲಿ ಎರಡೂ ಬೇಡವೆಂದು ಬಿಟ್ಟೆ. ಕ್ರಿಯಾಟಿನಿನ್ ಸರಿಯಿದೆ ಎಂದು ಈ ಸಲ ಕಣ್ಣಾರೆ ಕಂಡ ಮೇಲೆ ಬ್ಯಾಕ್ಲೋಫೆನ್ 5 ಮಿಲಿಗ್ರಾಂ, ದಿನಕ್ಕೆ ಮೂರು ಬಾರಿ. ಎರಡನೇ ರಾತ್ರಿ ಆತ ಮೊದಲ ಸಲ ನಿದ್ದೆ ಮಾಡಿದರು. ನಾಲ್ಕನೇ ದಿನ ಬಿಕ್ಕಳಿಕೆ ನಿಂತಿತು.

ನುಂಗುವುದು ಸರಿಹೋಗಲು ಮೂರು ವಾರ ಹಿಡಿಯಿತು. ಬ್ಯಾಕ್ಲೋಫೆನ್ ಅನ್ನು ಒಮ್ಮೆಲೇ ನಿಲ್ಲಿಸದೆ ದಿನ ಬಿಟ್ಟು ದಿನ ಇಳಿಸಿದೆ. ಬಲಗೈಗೆ ಬಿಸಿಯ ಅರಿವು ಇನ್ನೂ ಪೂರ್ತಿ ಮರಳಿಲ್ಲ. ಹಂಡೆಯ ನೀರನ್ನು ಎಡಗೈಯಲ್ಲೇ ಮುಟ್ಟಿ ನೋಡಿ ಎಂದು ಹೇಳಿ ಕಳಿಸಿದ್ದೇನೆ.